ನೂರ್ ಅಹ್ಮದರ ಬ್ಯಾಟರಿ ಆಟೊ
‘ಡುಗುಡುಗುಡುಗು...’ ಎಂಬ ಸದ್ದು ಕೇಳಿದರೆ ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದು ನೂರ್ ಅಹ್ಮದರ ಬಾಯಿ ಎಂದು ಎಲ್ಲರಿಗೂ ಗೊತ್ತು. ಅವರ ಹೊಸ ಬ್ಯಾಟರಿ ಆಟೊ ಸದ್ದು ಮಾಡುವುದಿಲ್ಲ, ಆದ್ದರಿಂದ ಅವರೇ ಮಾಡುತ್ತಾರೆ. ಏರು ಬಂದರೆ ದನಿಯ ಗೇರನ್ನೂ ಇಳಿಸುತ್ತಾರೆ. ‘ನೂರ್ ಭಾಯಿ, ಗಾಡಿ ಚಾಲೂ ಆಯ್ತಾ ಇಲ್ವಾ?’ ಎಂದು ಹಿಂದಿನ ಸೀಟಿನಲ್ಲಿ ಕೂತ ಸೋಂದಾದ ವೆಂಕಮ್ಮ ಕೇಳಿದರೆ, ‘ಅರ್ಧ ದಾರಿ ಬಂದ್ವಿ ಅಮ್ಮಾ, ಬೆಕ್ಕಿನ ಹಂಗೆ ಹೋಗ್ತದೆ ಇದು’ ಎನ್ನುತ್ತಾರೆ. ಬೆಳಿಗ್ಗೆ ಅವರ ಎಡಗೈ, ಹಳೆಯ ಡೀಸೆಲ್ ಆಟೊವನ್ನು ಎಳೆದು ಚಾಲೂ ಮಾಡುತ್ತಿದ್ದ ಹಿಡಿಕೆಯನ್ನು ಈಗಲೂ ಸೀಟಿನ ಪಕ್ಕದಲ್ಲಿ ತಡಕಾಡುತ್ತದೆ. ಅದರ ಹೊಗೆಯನ್ನು ಅತ್ತರಿನಂತೆ ನೆನೆಯುವ ಮನುಷ್ಯ, ಆ ಆಟೊವನ್ನು ಏಕೆ ಮಾರಿದೆನೆಂದು ಮಾತ್ರ ಹೇಳುವುದಿಲ್ಲ. ಅಂಗಳದಲ್ಲಿ ಅದರ ಇಂಜಿನ್ ಬಿಸಿಯಾಗುವಷ್ಟು ಹೊತ್ತು ಹೆಂಡತಿ ಜೈನಾಬ್ ಒಳಗೆ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಲ್ಲುತ್ತಿದ್ದುದನ್ನು ಓಣಿಯೆಲ್ಲ ಕೇಳಿದೆ. ನಿನ್ನೆ ನನ್ನೊಡನೆ, ‘ಆ ಗಾಡಿ ಏರು ಹತ್ತೋವಾಗ ಏನಾಗ್ತಿತ್ತು ಗೊತ್ತಾ, ಇಡೀ ಕಾಡೇ...’ ಎಂದು ಶುರು ಮಾಡಿದ್ದರು. ಆಗ ಓಣಿಯ ಆ ತುದಿಯಿಂದ ಜೈನಾಬ್ ‘ಅಜೀ, ಚಾಯ್ ಆರ್ತದೆ, ಬರ್ರಿ!’ ಎಂದು ಕೂಗಿದರು. ಒಂದೇ ಉಸಿರಿನ, ಎಲ್ಲೂ ಕೆಮ್ಮಿಗೆ ಒಡೆಯದ ಕೂಗು. ನೂರ್ ಅಹ್ಮದ್ ಕಥೆಯ ಗಾಡಿಯನ್ನು ಏರಿನ ನಡುವೆಯೇ ಬಿಟ್ಟು ಸದ್ದಿಲ್ಲದೆ ನಡೆದರು.