ಸೋಫಾ ತಪಾಸಣೆ
ಎರಡು ದ್ರವ ಬೆರೆಸಿ, ಉಕ್ಕಿ ಬರುವ ನೊರೆಯನ್ನು ಮೆತ್ತೆಯಾಗಿಸುವ ಪಾಲಿಯುರೆಥೇನ್ ಕಾರ್ಖಾನೆಯಲ್ಲಿ ತಲೆ ನರೆಸಿಕೊಂಡ ಫೋಮ್ ಮೇಸ್ತ್ರಿಗೆ, ಊರಿನ ಅಂಡುಗಳೆಲ್ಲ ತನ್ನ ದಯೆಯಿಂದಲೇ ಸುಖವಾಗಿವೆ ಎಂಬ ಜಂಬ. ಬಸ್ಸಿನ ಸೀಟು, ಬೂಟಿನ ಅಟ್ಟೆ, ಫ್ರಿಜ್ಜಿನ ಗೋಡೆಯೊಳಗಿನ ಫೋಮು, ಎಲ್ಲವೂ ಅವನ ವಂಶೋದ್ಧಾರಕರೇ. ಬೀಗರ ಸೋಫಾಕ್ಕೂ ಹೆಬ್ಬೆರಳು ಒತ್ತಿ, "ಏನ್ರೀ ಈ ಫೋಮು, ಒತ್ತಿದ್ರೆ ಮೇಲೇಳೋಕೇ ಸೋಮಾರಿತನ!" ಎಂದು ಮುಖ ಸಿಂಡರಿಸುತ್ತಾನೆ. ನಾಲ್ಕನೇ ಮಹಡಿಯ ತನ್ನ ಮನೆಗೆ ಹತ್ತುವಾಗ ಪ್ರತಿ ಮಹಡಿಯಲ್ಲೂ ಒಂದೊಂದು ಬಾಗಿಲು ತಟ್ಟಿ, "ಸೋಫಾ ತಪಾಸಣೆ" ಎಂದು ಐದು ನಿಮಿಷ ಕೂರುತ್ತಾನೆ. ಆ ದ್ರವಗಳ ಹಬೆ ಕುಡಿದ ಎದೆ ಈಗ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆಂದು ಯಾರ ಬಳಿಯೂ ಬಾಯಿಬಿಟ್ಟಿಲ್ಲ. ಮೂರನೇ ಮಹಡಿಯ ಅಜ್ಜಿ ಮಾತ್ರ ಅವನ ಏದುಸಿರು ಕೇಳಿದೊಡನೆ ಬಾಗಿಲಾಚೆ ಒಂದು ಕುರ್ಚಿ ಹಾಕುತ್ತಾರೆ: "ಇದರ ಫೋಮ್ ನೋಡಪ್ಪ, ನಿಧಾನವಾಗಿ ನೋಡು." ಅವನು ಕೂತು, ಉಸಿರು ಹತೋಟಿಗೆ ಬಂದ ಮೇಲೆ, "ಫಸ್ಟ್ ಕ್ಲಾಸ್ ಮಾಲು ಅಜ್ಜಿ" ಎನ್ನುತ್ತಾನೆ. ಅದು ಬರೀ ಮರದ ಕುರ್ಚಿ.