ಹೆದರುವವಳಿಗೊಂದು ಕುದುರೆ

ಪಾಂಡವಪುರದ ಚಪ್ಪಲಿ ಅಂಗಡಿಯೊಂದರಲ್ಲಿ ಮೊನ್ನೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ಪಾದಗಳನ್ನು ಅಳೆದು, ಬಲಗಾಲು ಎಡಗಾಲಿಗಿಂತ ಕೊಂಚ ದೊಡ್ಡದೆಂಬ, ಅರವತ್ತಾರು ವರ್ಷ ನನಗೇ ತಿಳಿಯದಿದ್ದ ರಹಸ್ಯವನ್ನು ಬಯಲು ಮಾಡಿ, ನಾಲ್ಕು ಜೊತೆ ತೊಡಿಸಿ, ಬಿಚ್ಚಿಸಿ, ಐದನೆಯದನ್ನು ಕೊಟ್ಟರು. ನೆಲದ ಮೇಲೆ ನಡೆಯುವ ಚಪ್ಪಲಿಗೇ ಇಷ್ಟು ವಿಚಾರಣೆ! ತನ್ನದೇ ಬುದ್ಧಿ, ತನ್ನದೇ ಸಿಟ್ಟು ಇರುವ ಪ್ರಾಣಿಯ ಬೆನ್ನಿನ ಮೇಲೆ ಮಗುವೊಂದನ್ನು ಕೂರಿಸುವಾಗ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲವಲ್ಲ ಎಂಬುದು ನೆನಪಾಗಿ ಹೊಸ ಚಪ್ಪಲಿಯ ಸಂತೋಷವೆಲ್ಲ ಅಲ್ಲೇ ಆರಿಹೋಯಿತು. ಆ ಸಿಟ್ಟನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನನ್ನ ತಂಗಿಯ ಮಗಳು ಸಿಂಚನಾಗೆ ಹನ್ನೆರಡು ವರ್ಷ. ಕುದುರೆಯೆಂದರೆ ಪ್ರಾಣ, ಎತ್ತರವೆಂದರೆ ಪ್ರಾಣಸಂಕಟ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ಕುದುರೆ ಬರೆಯುವ ಹುಡುಗಿ ಮನೆಯ ತಾರಸಿಯ ಅಂಚಿಗೆ ಹೋಗುವುದಿಲ್ಲ. ನಾಗಮಂಗಲದಲ್ಲಿ ಟ್ರಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅವಳಪ್ಪ ಶಿವಲಿಂಗು, "ಸವಾರಿ ಕಲುತ್ರೆ ಪುಕ್ಕಲುತನ ಹೊಂಟೋಯ್ತದೆ ಕಣ್ ಭಾವ" ಎಂದು ತೀರ್ಪಿತ್ತು, ಶ್ರೀರಂಗಪಟ್ಟಣದಾಚೆ ಹೆದ್ದಾರಿಯ ಬದಿಯ ಸವಾರಿ ಶಾಲೆಗೆ ಅವಳನ್ನು ಸೇರಿಸಿದ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಮೂವತ್ತು ವರ್ಷ ದನದ ಡಾಕ್ಟರಾಗಿದ್ದವನೆಂದು ತಜ್ಞನ ಪದವಿ ಕೊಟ್ಟು ನನ್ನನ್ನೂ ಕರೆದೊಯ್ದ. ಆ ಮೂವತ್ತು ವರ್ಷಗಳಲ್ಲಿ ಹಸು ಎಮ್ಮೆಗಳ ಒದೆಯನ್ನು ಧಾರಾಳವಾಗಿ ತಿಂದಿದ್ದೆನಾದರೂ ಕುದುರೆಯ ಒದೆ ತಿನ್ನುವ ಯೋಗ ಕೂಡಿಬಂದಿರಲಿಲ್ಲವೆಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಕಪ್ಪು ಕನ್ನಡಕದ ಮಾಸ್ಟರು ಹುಡುಗಿಯ ಮುಖವನ್ನೂ ಸರಿಯಾಗಿ ನೋಡದೆ, ಲಾಯದಲ್ಲೇ ಎತ್ತರದ, ಹಾಲುಬಣ್ಣದ ಕುದುರೆಯನ್ನು ತರಿಸಿದರು. "ಫೋಟೋಗೆ ಇದೇ ಸಾರ್ ಚೆನ್ನಾಗಿ ಬರೋದು" ಎಂಬುದು ಅವರ ಏಕೈಕ ತರ್ಕ. ಲಾರಿಯೊಂದು ಹೋದಾಗಲೆಲ್ಲ ಅದರ ಕಿವಿಗಳು ಹಿಂದಕ್ಕೆ ಅಂಟಿಕೊಳ್ಳುತ್ತಿದ್ದವು, ಕಣ್ಣಿನ ಬಿಳಿ ಹೊರಳುತ್ತಿತ್ತು. ಹೆದರಿದ ಪ್ರಾಣಿಯನ್ನು ಗುರುತಿಸಲು ಕುದುರೆಯ ಡಾಕ್ಟರೇ ಆಗಬೇಕಿಲ್ಲ. ನನಗೆ ಗೊತ್ತಾಯಿತು. ಆದರೆ ಕೈಯಲ್ಲಿ ಫೋನು ಹಿಡಿದು, ನಮ್ಮ ಹುಡುಗಿ ರಾಜಕುಮಾರಿಯಂತೆ ಕಾಣುವ ಕ್ಷಣಕ್ಕೆ ಕಾಯುತ್ತಿದ್ದ ಮಹಾನುಭಾವನೂ ನಾನೇ.

"ಮಾವ, ಇದು ನಡುಗ್ತಾ ಐತೆ" ಎಂದಳು ಸಿಂಚನಾ ಕುದುರೆಯ ಮೇಲಿನಿಂದ.

"ನಡುಗ್ತಿರೋದು ನೀನು" ಎಂದರು ಮಾಸ್ಟರು.

ಅಷ್ಟರಲ್ಲಿ ಲಾರಿಯೊಂದು ಹಾರನ್ ಹೊಡೆಯಿತು. ಕುದುರೆ ಪಕ್ಕಕ್ಕೆ ನೆಗೆಯಿತು. ಹುಡುಗಿ ಕ್ಷಣಕಾಲ ಅದರ ಕುತ್ತಿಗೆಗೆ ಜೋತುಬಿದ್ದು ಮರಳಿಗೆ ಬಿದ್ದಳು. ಮೊಣಕೈ ತರಚಿತ್ತು, ಮೂಳೆಗೇನೂ ಆಗಿರಲಿಲ್ಲ. "ನೀನು ಹೆದರಿದ್ದಕ್ಕೇ ಕುದುರೆ ಹೆದರಿದ್ದು. ಧೈರ್ಯ ಇಲ್ದೋರು ಇಲ್ಲಿಗೆ ಬರಬಾರ್ದು" ಎಂದರು ಮಾಸ್ಟರು. ಶಿವಲಿಂಗು ಓಡಿಬಂದು, "ಎದ್ದೇಳವ್ವ, ಎಲ್ಲಾ ನೋಡ್ತಾವ್ರೆ" ಎಂದ. ಅವನಿಗೆ ಮಗಳ ಮೊಣಕೈಗಿಂತ ನೋಡುವವರ ಕಣ್ಣೇ ದೊಡ್ಡದಾಗಿತ್ತು.

ಹೋರಿಗಳ ಮೇಲೆ ಕೂಗಿ ಕೂಗಿ ಪಳಗಿದ ನನ್ನ ಕಂಠ ಅಂದು ಹೆದ್ದಾರಿಯಾಚೆಗೂ ಕೇಳಿಸಿರಬೇಕು. "ಏನ್ರೀ, ಸೂಜಿ ಚುಚ್ಚುವಾಗ ಹಸು ಒದ್ದರೆ ಹಸುವನ್ನ ಹೇಡಿ ಅಂತೀವಾ? ಕಟ್ಟಿದ್ದು ಸರಿಯಿಲ್ಲ ಅಂತೀವಿ. ಕುದುರೆ ಆರಿಸಿದ್ದು ನೀವು, ಬಿದ್ದಿದ್ದು ಮಗು, ತಪ್ಪು ಮಗೂದಾ?" ಎಂದೆ. ಮಾಸ್ಟರು ಕನ್ನಡಕ ಒರೆಸಿಕೊಂಡರು.

ಅಂದು ಸಂಜೆ ತಂಗಿ ಫೋನು ಮಾಡಿದಳು. ಮಗಳು ನೋಟ್‌ಬುಕ್ಕಿನ ಕುದುರೆಗಳನ್ನೆಲ್ಲ ಹರಿದು ಹಾಕಿದ್ದಳಂತೆ. ನನ್ನ ಫೋನಿನಲ್ಲಿದ್ದ ಫೋಟೋಗಳನ್ನು ಅಳಿಸುತ್ತ ಕುಳಿತೆ. ಬೈಯಬೇಕಾದವರ ಪಟ್ಟಿಯಲ್ಲಿ ಒಬ್ಬನನ್ನು ಬಿಟ್ಟಿದ್ದೆನೆಂಬುದು ಆಗ ತಿಳಿಯಿತು.

ಆ ಲಾಯದಲ್ಲಿ ಕುದುರೆಗಳ ಮೈ ತಿಕ್ಕುವ ಖಾದರ್ ಸಾಬರೆಂಬ ಹಿರಿಯರೊಬ್ಬರಿದ್ದರು. ಅವರ ತಂದೆ ಜಟಕಾ ಹೊಡೆದವರು. ನನ್ನ ಕೂಗಾಟದ ದಿನವೇ ಅವರು ಗೇಟಿನ ಬಳಿ, "ಸಾಬ್, ಹುಡುಗಿ ಹೇಳಿದ್ದು ನಿಜ, ಕುದುರೆ ಮೊದ್ಲೇ ನಡುಗ್ತಿತ್ತು. ನಮ್ಮನೇಲಿ ರಾಣಿ ಅವ್ಳೆ, ಕರ್ಕೊಂಬನ್ನಿ" ಎಂದಿದ್ದರು. ಎರಡು ವಾರ ಸಿಂಚನಾ ಒಪ್ಪಲಿಲ್ಲ. ಮೂರನೆಯ ಭಾನುವಾರ, "ಹತ್ತಲ್ಲ, ನೋಡ್ತೀನಿ ಅಷ್ಟೆ" ಎಂಬ ಕರಾರಿನ ಮೇಲೆ ಅಪ್ಪನ ಮತ್ತು ನನ್ನ ಜೊತೆ ಖಾದರ್ ಸಾಬರ ಮನೆಗೆ ಹೊರಟಳು.

ರಾಣಿ ಗಿಡ್ಡನೆಯ, ಕಂದುಬಣ್ಣದ, ಹೊಟ್ಟೆ ತುಸು ಜೋತ ಕುದುರೆ. ವರ್ಷಗಟ್ಟಲೆ ಮದುವೆ ಮೆರವಣಿಗೆಗಳಲ್ಲಿ ನಡೆದವಳು. ಬ್ಯಾಂಡಿನ ಗದ್ದಲ, ಪಟಾಕಿ, ಜೊತೆಗೆ ಜರತಾರಿ ಪೇಟದ ಕೆಳಗೆ ಬೆವರುತ್ತ ಕೂತ, ಜನ್ಮದಲ್ಲಿ ಕುದುರೆ ಹತ್ತದ ಮದುಮಕ್ಕಳು. ಹೆದರಿದವರನ್ನು ಹೊರುವುದರಲ್ಲಿ ಅವಳಷ್ಟು ಅನುಭವಿ ಈ ನಾಲ್ಕು ತಾಲ್ಲೂಕಿನಲ್ಲಿ ಇರಲಾರಳು.

ಖಾದರ್ ಸಾಬರು ಹತ್ತು ಎನ್ನಲಿಲ್ಲ. ಕಲ್ಲಿನ ಮೇಲೆ ಕೂತು ಕೇಳಿದರು: "ಯಾವುದಕ್ಕೆ ಭಯ ಬೇಟಿ? ಎತ್ತರಕ್ಕಾ, ಓಡೋದಕ್ಕಾ, ಬೀಳೋದಕ್ಕಾ?"

ಹನ್ನೆರಡು ವರ್ಷಗಳಲ್ಲಿ ನಾವ್ಯಾರೂ ಕೇಳದಿದ್ದ ಪ್ರಶ್ನೆ. ಸಿಂಚನಾ ರಾಣಿಯನ್ನೇ ನೋಡುತ್ತ, "ಯಾವಾಗ ಏನ್ ಮಾಡ್ತದೋ ಗೊತ್ತಾಗಲ್ವಲ್ಲ, ಅದುಕ್ಕೆ" ಎಂದಳು.

"ಹಂಗಾದ್ರೆ ರಾಣೀನೇ ನಿಂಗೆ ಸರಿ. ಅವ್ಳು ಏನ್ ಮಾಡೋದಿದ್ರೂ ಕಿವೀಲಿ ಮೊದ್ಲು ಹೇಳ್ತಾಳೆ. ಇವತ್ತು ಕಿವಿ ಓದೋದು ಕಲಿ, ಸಾಕು."

ಒಂದು ಗಂಟೆ ಅವಳು ಕಿವಿಗಳನ್ನೇ ಓದಿದಳು. ಪಕ್ಕದಲ್ಲಿ ನಡೆದಳು, ಹುಲ್ಲು ತಿನ್ನಿಸಿದಳು, ಕುತ್ತಿಗೆಗೆ ಕೆನ್ನೆಯಿಟ್ಟಳು. ಆಮೇಲೆ ತಾನಾಗಿಯೇ, "ಈಗ ಹತ್ತಲಾ ತಾತ?" ಎಂದಳು. ಅವಳು ಒಂದು ಕಡೆಗೆ ವಾಲಿದಾಗ ರಾಣಿ ತಾನೇ ನಿಂತು, ಅವಳು ಸರಿಯಾಗಿ ಕೂರುವವರೆಗೂ ಕಾದು, ಮತ್ತೆ ಹೆಜ್ಜೆ ಹಾಕಿದಳು. ಅವರ ಮನೆಯ ಹಿಂದಿನ ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಮೂರು ಸುತ್ತು. ಮೂರನೆಯದರಲ್ಲಿ ಖಾದರ್ ಸಾಬರು ರಾಣಿಯನ್ನು ಹಿಡಿದು ನಡೆಸುತ್ತಿದ್ದ ಹಗ್ಗ ಬಿಟ್ಟದ್ದನ್ನು ನಾನು ನೋಡಿದೆ. ಅವಳೂ ನೋಡಿದ್ದಳು. ಈ ಸಲ ನನ್ನ ಫೋನು ಜೇಬಿನಲ್ಲೇ ಇತ್ತು.

ಹಿಂದಿರುಗುವಾಗ ಕಾರಿನಲ್ಲಿ ಶಿವಲಿಂಗು ವಿಜಯೋತ್ಸಾಹದಿಂದ, "ನೋಡಿದ್ರಾ ಭಾವ, ನಾನೇಳ್ಲಿಲ್ವಾ? ಭಯ ಅನ್ನೋದು ಹೊಂಟೇ ಹೋಯ್ತು" ಎಂದ. ಅವನ ಮೇಲೆ ಇನ್ನೊಂದು ಭಾಷಣ ಹರಿಸಲು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

"ಎಲ್ಲೂ ಹೋಗಿಲ್ಲ ಅಪ್ಪ" ಎಂದಳು ಸಿಂಚನಾ ಹಿಂದಿನ ಸೀಟಿನಿಂದ. "ಅದೂ ನನ್ನ ಜೊತೇಲೇ ಕೂತಿತ್ತು. ರಾಣಿ ಇಬ್ರುನ್ನೂ ಹೊತ್ಕೊಂಡು ಹೋದ್ಲು."