ಸಾವಿನ ಮನೆಗೆ ನಾನು ಕಲಿಸಿಕೊಟ್ಟ ಮಾತು

ಹಾನ್ನಾ ಅವರೇ, ಕೆಂಪಮ್ಮನ ಮನೆಯ ಬಾಗಿಲಲ್ಲಿ ನೀವು ಆಡಿದ ಆ ಮಾತು ಅಲ್ಲಿ ಆಡಬಾರದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿಕೊಟ್ಟೆ. ನಿಮ್ಮ ತಿಳಿವಳಿಕೆ ಸಾಲದೆ ಆದ ಅನಾಹುತವೆಂದು ನೀವು ನಂಬಿ ಹೋದಿರಿ. ಊರೂ ನಂಬಿತು. ನಂಬಿಸಿದವಳು ನಾನು.

ನೀವು ಜರ್ಮನಿಯಿಂದ ಗುಬ್ಬಿಯ ಮಿಷನ್ ಡಿಸ್ಪೆನ್ಸರಿಗೆ ನರ್ಸಾಗಿ ಬಂದ ವರ್ಷ ಅದು. ಹಾನ್ನಾ ಎನ್ನಲು ನಾಲಿಗೆ ಹೊರಳದ ನಮ್ಮ ಜನ ನಿಮ್ಮನ್ನು ಅನ್ನಮ್ಮ ಮಾಡಿಕೊಂಡಿದ್ದರು. ಎಸೆಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು, ಮೇಷ್ಟ್ರ ಮಗಳು, ಇಂಗ್ಲಿಷ್ ಬರುತ್ತದೆ ಎಂದು, ನಿಮಗೆ ಕನ್ನಡ ಕಲಿಸಲು ಇಟ್ಟುಕೊಂಡರು. ಹಳ್ಳಿಗಳಲ್ಲಿ ನಿಮ್ಮ ಮಾತನ್ನು ಜನಕ್ಕೆ ದಾಟಿಸುವ ಕೆಲಸವೂ ನನ್ನದೇ. ‘ಅಂಬಲಿ ಕುಡಿಯೋನಿಗೆ ಮೀಸೆ ಎತ್ತೋನೊಬ್ಬ’ ಎಂದು ನಮ್ಮಪ್ಪ ಹಂಗಿಸುತ್ತಿದ್ದರು. ಹಂಗಿಸಲಿ — ಜೀಪಿನಲ್ಲಿ ಕೂತು ಹಳ್ಳಿಗೆ ಹೋದರೆ ನನ್ನನ್ನೂ ಮೇಡಂ ಎನ್ನುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ನಿಮಗೆ ಇಲ್ಲಿ ಎಲ್ಲವೂ ಹೊಸತು. ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡಿರಿ. ನೆಲದ ಮೇಲೆ ಕೂತರೆ ಕಾಲು ಜೋಮು ಹಿಡಿದು ಏಳಲಾಗುತ್ತಿರಲಿಲ್ಲ. ಮೊದಲ ತಿಂಗಳು ಅಡುಗೆಮನೆಯಲ್ಲಿ ಅತ್ತು, ಒಲೆಯ ಹೊಗೆ ಎಂದಿರಿ — ಒಲೆ ಆಗ ಉರಿಯುತ್ತಲೇ ಇರಲಿಲ್ಲ, ನಾನು ನೋಡಿಯೂ ನೋಡದಂತಿದ್ದೆ. ನಾನು ನಿಮಗೆ ಮೊದಲು ಕಲಿಸಿದ್ದು ಹೊರಡುವ ಮಾತು. ಹೋಗ್ತೀನಿ ಎನ್ನಬಾರದು, ಮರಳಿ ಬಾರದವರ ಮಾತು ಅದು. ಹೋಗಿ ಬರ್ತೀನಿ ಎನ್ನಬೇಕು. ಅದು ನಿಮಗೆ ಎಷ್ಟು ಹಿಡಿಸಿತೆಂದರೆ ಬಚ್ಚಲಿಗೆ ಹೋಗುವಾಗಲೂ ನನಗೆ ಹೇಳಿ ಹೋಗುತ್ತಿದ್ದಿರಿ. ನಕ್ಕೂ ನಕ್ಕೂ ನನಗೆ ಹೊಟ್ಟೆ ನೋಯುತ್ತಿತ್ತು.

ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಸಾವಿನ ಮನೆಯಿಂದ ಹಾಗೆ ಹೇಳಿ ಹೊರಡಬಾರದು. ಬರ್ತೀನಿ ಎಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದ ಹಾಗೆ. ಏನೂ ಹೇಳದೆ ಎದ್ದು ಬಂದುಬಿಡಬೇಕು. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು.

ವರ್ಷ ತುಂಬುವುದರೊಳಗೆ ನೀವು ಚೆನ್ನಾಗಿ ಮಾತಾಡತೊಡಗಿದಿರಿ. ಬರುವ ತಿಂಗಳಿನಿಂದ ನೀವೊಬ್ಬರೇ ಹಳ್ಳಿಗೆ ಹೋಗಬಹುದು, ಸರೋಜ ಬೇಕಾಗಿಲ್ಲ ಎಂದು ಡಿಸ್ಪೆನ್ಸರಿಯ ದೊಡ್ಡ ಸಿಸ್ಟರ್ ಹೇಳಿದರು. ನೀವು ಖುಷಿಯಿಂದ ನನ್ನ ಕೈ ಹಿಡಿದು ಕುಲುಕಿದಿರಿ. ಹತ್ತಿದ ಏಣಿಯನ್ನು ಒದ್ದರಲ್ಲ ಎಂದು ನನಗೆ ಒಳಗೊಳಗೇ ಉರಿ. ಒಂದು ಸಲ ಎಡವಲಿ, ನಾನಿಲ್ಲದೆ ಆಗದೆಂದು ಗೊತ್ತಾಗಲಿ — ಇಷ್ಟೇ, ಇಷ್ಟೇ ನಾನು ಬಯಸಿದ್ದು.

ಅದೇ ವಾರ ಕೆಂಪಮ್ಮನ ಗಂಡ ತೀರಿಕೊಂಡರು. ನಿಮ್ಮಿಂದ ಔಷಧ ತೆಗೆದುಕೊಳ್ಳುತ್ತಿದ್ದ ಮುದುಕ. ಆ ಮನೆಯ ಸೊಸೆ ಪುಟ್ಟಮ್ಮ ತುಂಬು ಬಸುರಿ. ಅವಳನ್ನೂ ನೀವೇ ನೋಡುತ್ತಿದ್ದಿರಿ. ಮಾತಾಡಿಸಿಕೊಂಡು ಬರಲು ಹೊರಟಾಗ ಜೀಪಿನಲ್ಲಿ ಕೇಳಿದಿರಿ: “ಸಾವು ಆದ ಮನೆಯಲ್ಲಿ ಹೊರಡುವಾಗ ಏನು ಹೇಳಬೇಕು, ಸರೋಜಾ?”

ನಾನು ಹೊಲದ ಕಡೆ ನೋಡುತ್ತಾ, “ಎಲ್ಲಾ ಕಡೆ ಹೇಳೋ ಹಾಗೇ ಹೇಳಿ” ಎಂದೆ.

ನೀವು ಕೆಂಪಮ್ಮನ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಸ್ಪಷ್ಟವಾಗಿ ಹೇಳಿದಿರಿ — “ಹೋಗಿ ಬರ್ತೀನಿ, ಅಮ್ಮ.” ಜಗಲಿಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕೆಂಪಮ್ಮ ಕೈ ಕಿತ್ತುಕೊಂಡಳು. ಪುಟ್ಟಮ್ಮ ಆಮೇಲೆ ಡಿಸ್ಪೆನ್ಸರಿಗೆ ಬರಲಿಲ್ಲ.

ಅವಳಿಗೆ ನೋವು ಬಂದ ದಿನ, ಹೆರಿಗೆ ಆಗುತ್ತಿಲ್ಲವೆಂದು ಯಾರಿಂದಲೋ ತಿಳಿದು, ಅವರು ಕರೆಯದಿದ್ದರೂ ನೀವು ಓಡಿದಿರಿ. ಹಿಂದೆ ನಾನು. ಒಳಗಿಂದ ಪುಟ್ಟಮ್ಮನ ಕೂಗು. ಕೆಂಪಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನೀನ್ ಒಳಕ್ ಬರ್ಬೇಡ ಕಣವ್ವ. ಅವತ್ತು ಬರ್ತೀನಿ ಅಂದೆ. ಬಂದೇ ಬುಟ್ಟೆ.”

ನೀವು ನನ್ನ ಮುಖ ನೋಡಿದಿರಿ. ಹಾನ್ನಾ ಅವರೇ, ಆಗ ಒಂದೇ ಒಂದು ಮಾತು — ‘ಅವರಿಗೆ ಗೊತ್ತಿರಲಿಲ್ಲ ಕಣಮ್ಮ, ಹೇಳಿಕೊಟ್ಟವಳು ನಾನು’ — ಅಷ್ಟು ಹೇಳಿದ್ದರೆ ಆ ಮುದುಕಿ ದಾರಿ ಬಿಡುತ್ತಿದ್ದಳೇನೋ. ನನಗೆ ನನ್ನ ಮರ್ಯಾದೆಯ ಚಿಂತೆ. ಬಾಯಿ ಬಿಡಲಿಲ್ಲ. ಪುಟ್ಟಮ್ಮ ಉಳಿದಳು, ಗಂಡು ಮಗು ಉಳಿಯಲಿಲ್ಲ. ನೀವು ಒಳಗೆ ಹೋಗಿದ್ದರೂ ಅದು ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡು ನೋಡಿದ್ದೇನೆ. ಸಮಾಧಾನವಾಗಿಲ್ಲ.

ವಾಪಸು ಬರುವಾಗ, “ನಾನು ಏನು ತಪ್ಪು ಮಾಡಿದೆ?” ಎಂದು ಕೇಳಿದಿರಿ. “ನಮ್ಮ ಪದ್ಧತಿ ನಿಮಗಿನ್ನೂ ಗೊತ್ತಿಲ್ಲ” ಎಂದೆ. ಇದನ್ನು ನೆನೆದರೆ ಇಂದಿಗೂ ನನ್ನ ಬಗ್ಗೆ ನನಗೇ ಹೇಸಿಗೆ. ಹಳ್ಳಿಯವರು ನಿಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ನೀವೇ ಕೇಳಿಕೊಂಡು ನಿಮ್ಮ ದೇಶಕ್ಕೆ ಹೊರಟಿರಿ. ಗುಬ್ಬಿ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ನನ್ನ ಕೆನ್ನೆ ಮುಟ್ಟಿ, “ಹೋಗ್ತೀನಿ, ಸರೋಜಾ” ಎಂದಿರಿ. ಆ ಮಾತನ್ನು ನಾನು ತಿದ್ದಲಿಲ್ಲ.

ಈಗ ನಾನು ಕುಣಿಗಲ್ ಸೊಸೆ, ಒಂದು ಹೆಣ್ಣು ಮಗುವಿನ ತಾಯಿ. ತವರಿಗೆ ಬಂದವಳು ಮೊನ್ನೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಮ್ಮನನ್ನು ಕಂಡೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ನನ್ನ ಮಗಳ ತಲೆ ಸವರುತ್ತಾ ಹೇಳಿದಳು: “ಆ ಅನ್ನಮ್ಮ ಅವತ್ತು ಹಂಗ್ ಅನ್ದೆ ಇದ್ದಿದ್ರೆ, ನನ್ ಮಗ ಈ ಮಗೀಗಿಂತ ದೊಡ್ಡೋನಾಗಿರ್ತಿದ್ದ ಕಣಕ್ಕ. ಅವಳ ಬಾಯಿಗ್ ಹುಳ ಬೀಳ.”

ನಾನು ಹೂಂ ಎಂದೆ. ಇಷ್ಟು ವರ್ಷದ ಮೇಲೂ ಹೂಂ ಎಂದೆ.

ನೀವು ಎಲ್ಲಿದ್ದೀರೋ ತಿಳಿಯದು. ನಾಳೆ ಪುಟ್ಟಮ್ಮನ ಮನೆಗೆ ಹೊರಟಿದ್ದೇನೆ. ಅವಳು ಕ್ಷಮಿಸಲಿ ಎಂದಲ್ಲ. ಆ ಶಾಪ ಇನ್ನು ನಿಮ್ಮ ಹೆಸರಿಗೆ ತಟ್ಟಬಾರದು, ಅದು ಸೇರಬೇಕಾದವಳು ನಾನು. ಎಲ್ಲ ಹೇಳಿದ ಮೇಲೆ ಅವಳು ಅಳಲಿ, ಬಯ್ಯಲಿ, ಆಚೆಗೆ ತಳ್ಳಲಿ. ಹೋಗಿ ಬರ್ತೀನಿ ಎಂದು ನಾನು ಹೇಳುವುದಿಲ್ಲ. ಏನೂ ಹೇಳದೆ ಎದ್ದು ಬರುತ್ತೇನೆ — ಅಂದು ಜೀಪಿನಲ್ಲಿ ನಿಮಗೆ ಹೇಳಿಕೊಡಬೇಕಾಗಿದ್ದ ಹಾಗೆ.